ಡಾಕ್ಟರಮ್ಮನ ಟಾರ್ಗೆಟ್

“ತಿಂಗಳಿಗೆ ಎಷ್ಟು ಟಾರ್ಗೆಟ್ ಕೊಟ್ಟಾರ್ರೀ ನಿಮಗೆ?” ಇವತ್ತು ಬೆಳಿಗ್ಗೆ ನಮ್ಮ ಚಿಕ್ಕಪ್ಪ ಕ್ಯಾನ್ಸರ್ ಡಾಕ್ಟರಮ್ಮನನ್ನು ಹೀಗೆ ಕೇಳಿಬಿಟ್ಟರು ಕಣ್ರಪ್ಪಾ!

ಶ್ವಾಸಕೋಶದ ಗಡ್ಡೆ ಚಿಕ್ಕದಿರುವಾಗಲೇ ಅವರಿಗೆ ಆಪರೇಷನ್ ಆಗಿದೆ. ಈಗ ಡಾಕ್ಟರಮ್ಮ, “ಇನ್ನು ಟಾರ್ಗೆಟೆಡ್ ಥೆರಪಿ. ದಿನಾ ಒಂದು ಮಾತ್ರೆ, ಮೂರು ವರ್ಷ” ಎಂದಿದ್ದೇ ತಪ್ಪಾಯಿತು. ಸಂತೇಬೆನ್ನೂರಿನಲ್ಲಿ ಇಪ್ಪತ್ತು ವರ್ಷ ವಿಮೆ ಏಜೆಂಟರಾಗಿದ್ದ ಚಿಕ್ಕಪ್ಪನಿಗೆ ಟಾರ್ಗೆಟ್ ಅಂದರೆ ಒಂದೇ ಅರ್ಥ.

ಡಾಕ್ಟರಮ್ಮ ನಕ್ಕರು. “ಟಾರ್ಗೆಟ್ ನನಗಲ್ಲ, ಮಾತ್ರೆಗೆ. ನಿಮ್ಮ ಗಡ್ಡೆಯ ಜೀನ್‌ನಲ್ಲಿ ಒಂದು ದೋಷ ಸಿಕ್ಕಿದೆ. ಆ ದೋಷ ಇರೋ ಜೀವಕೋಶಕ್ಕೇ ಇದು ಗುರಿಯಿಟ್ಟು ಹೊಡೆಯುತ್ತೆ.”

“ಗಡ್ಡೆ ಪೂರ್ತಿ ತೆಗ್ದೀವಿ ಅಂದ್ರಲ್ರೀ. ಮತ್ಯಾಕೆ ಮಾತ್ರೆ?”

“ಕಣ್ಣಿಗೆ ಕಾಣದ್ದು ಉಳಿದಿದ್ರೆ? ಕಾಯಿಲೆ ಮತ್ತೆ ಬರದೇನೂ ಇರಬಹುದು. ಆದ್ರೂ ಮುಂಜಾಗ್ರತೆಗೆ ಇರಲಿ ಅಂತ.”

ಚಿಕ್ಕಪ್ಪ ನನ್ನ ಕಡೆ ತಿರುಗಿದರು. “ಕೇಳ್ದೇನೋ? ಇದೇ ಮಾತು ಹೇಳಿ ನಾನು ಊರ ತುಂಬ ಪಾಲಿಸಿ ಮಾಡ್ಸೀನಿ. ಈಗ ನನಗೇ ಹೇಳಾಕೆ ಬರ್ತಾರೆ!”

“ಹಾಗಾದ್ರೆ ಊರವರಿಗೆ ನೀವು ಹೇಳಿದ್ದು ಸುಳ್ಳಾ?” ಎಂದರು ಡಾಕ್ಟರಮ್ಮ.

ಚಿಕ್ಕಪ್ಪ ಮಾತ್ರೆ ಚೀಟಿಗೆ ಕೈಚಾಚಿದರು.

ಅವರು ಮಾತ್ರೆ ನುಂಗುತ್ತಾರೆ, ಆ ಚಿಂತೆ ನನಗಿಲ್ಲ. ಆದರೆ ಡಾಕ್ಟರಮ್ಮನ ಆ ‘ಸುಳ್ಳಾ?’ ಪ್ರಶ್ನೆಗೆ ಅವರು ಕೊನೆಗೂ ಉತ್ತರ ಕೊಡಲಿಲ್ಲ. ಅವರು ಮಾಡಿಸಿದ ಎರಡು ಪಾಲಿಸಿ ನನ್ನ ಹೆಸರಲ್ಲೂ ಇವೆ.