ಗೋಲಿ ನಷ್ಟವಲ್ಲ

ದಡದಡ, ದಡದಡ. ಜರಡಿಯ ಮೇಲೆ ಆಲೂಗಡ್ಡೆ ಉರುಳುವ ಸದ್ದು ಕಿವಿಗೆ ಬೀಳದೆ ಅವಳ ದಿನ ಶುರುವಾದದ್ದೇ ಇಲ್ಲ. ಅಂಕಿ ಕಲಿತದ್ದೂ ಗಡ್ಡೆ ವಿಂಗಡಿಸುವ ಆ ಶೆಡ್ಡಿನಲ್ಲೇ, ಮೂಟೆಗಳ ಮೇಲೆ ಅಮ್ಮ ಸುಣ್ಣದಲ್ಲಿ ಬರೆದದ್ದನ್ನು ನೋಡಿ. ಈಗಲೂ ಬೆಳಗ್ಗೆ ಹತ್ತರವರೆಗೆ ಅಮ್ಮನ ಪಕ್ಕದಲ್ಲಿ ಕೂತು ಗಡ್ಡೆ ವಿಂಗಡಿಸುತ್ತಾಳೆ. ಆಮೇಲೆ ಕೈ ತೊಳೆದು ಕೃಷಿ ವ್ಯವಹಾರ ನಿರ್ವಹಣೆಯ ಎಂಬಿಎ ತರಗತಿಗೆ ಓಡುತ್ತಾಳೆ. ಸಹಪಾಠಿಗಳು ಇಟ್ಟ ಹೆಸರು ‘ಜರಡಿ ಮೇಡಂ’.

“ಹುಷಾರ್ರಪ್ಪ, ನಿಮ್ಮನ್ನೂ ಸೋಸಿಬಿಟ್ಟೇನು!” ಎಂದು ಅವಳು ನಗುತ್ತಾಳೆ.

ಜರಡಿಯ ಕಣ್ಣಿಂದ ಕೆಳಗೆ ಬೀಳುವ ಪುಟ್ಟ ಗಡ್ಡೆಯನ್ನು ಶೆಡ್ಡಿನ ಹೆಂಗಸರು ಗೋಲಿ ಎನ್ನುತ್ತಾರೆ. ಸಿಪ್ಪೆ ಸಮೇತ ಹುರಿಯಲು ಹೋಟೆಲಿನವರು ಅದಕ್ಕೆ ಮುಗಿಬೀಳುತ್ತಾರೆ. ಪಠ್ಯಪುಸ್ತಕದಲ್ಲಿ ಮಾತ್ರ ಕೊಳೆತದ್ದು, ಕೆಳಗೆ ಬಿದ್ದದ್ದು ಎಲ್ಲ ನಷ್ಟ: ನೂರು ಮೂಟೆಗೆ ಮೂವತ್ತು. ಆರು ತಿಂಗಳು ತೂಗಿ ನೋಡಿ ಅವಳು ಪ್ರಬಂಧದಲ್ಲಿ ಬರೆದಳು: ಕೊಳೆಯುವುದು ಏಳೇ, ಉಳಿದ ಇಪ್ಪತ್ಮೂರೂ ಗೋಲಿ.

ಮಾರ್ಗದರ್ಶಕರ ಮೇಜಿನ ಮೇಲೆ ಪ್ರಬಂಧದ ಜೊತೆ ಒಂದು ಗೋಲಿಯನ್ನೂ ಸಾಕ್ಷಿಗೆ ಇಟ್ಟಳು.

“ಗೋಲಿ ಗೀಲಿ ಎಲ್ಲ ತೆಗೀಮ್ಮ. ನಷ್ಟ ಅಂತ ಹಾಕು.”

“ನಷ್ಟ ಆಗಿಲ್ವಲ್ಲ ಸರ್.”

“ನಮ್ಮ ಪುಸ್ತಕದ ಮೂವತ್ತನ್ನ ನಂಬ್ಕೊಂಡು ಒಂದು ಕಂಪನಿಯವರು ನಿಮ್ಮ ಶೆಡ್ಡಲ್ಲಿ ವಿಂಗಡಣೆ ಯಂತ್ರ ಹಾಕ್ತಿದಾರೆ. ನಮ್ಮ ಲ್ಯಾಬಿಗೆ ಕಂಪ್ಯೂಟರ್ ಕೊಟ್ಟಿದ್ದೂ ಅವರೇ. ನೀನು ಏಳು ಅಂದ್ರೆ ಹೆಂಗೆ?”

ಯಂತ್ರ ಬಂದರೆ ಗೋಲಿಯೂ ಹೆಂಗಸರೂ ಒಟ್ಟಿಗೆ ಹೊರಗೆ. ಅದು ಮಾರ್ಗದರ್ಶಕರಿಗೂ ಗೊತ್ತಿತ್ತು.

“ಬದಲಾಯಿಸದೆ ಇದ್ರೆ ನಾನು ಸಹಿ ಹಾಕಲ್ಲ. ಸಹಿ ಇಲ್ದೆ ಪದವಿ ಇಲ್ಲ. ಅಷ್ಟಕ್ಕೂ ಆ ಶೆಡ್ಡಿನ ಹೆಂಗಸರಿಗೆ ಏನ್ ಗೊತ್ತು?” ಎನ್ನುತ್ತ ಅವರು ಗೋಲಿಯನ್ನು ಎರಡು ಬೆರಳಲ್ಲಿ ಎತ್ತಿ ಕಸದ ಬುಟ್ಟಿಗೆ ಹಾಕಿದರು.

ಮೂವತ್ತು ವರ್ಷದಿಂದ ಗಡ್ಡೆಯನ್ನು ಮುಟ್ಟಿಯೇ ಒಳಗಿನ ಕೊಳೆತ ಹೇಳುವ ಬೆರಳುಗಳಿಗೆ ಏನು ಗೊತ್ತಂತೆ! ಕೇಳುವವರು ಆ ಶೆಡ್ಡಿನ ಬಾಗಿಲನ್ನಾದರೂ ಕಂಡಿದ್ದರೇ?

“ನೀವು ಒಂದಿನ ಆದ್ರೂ ಅಲ್ಲಿಗೆ ಬಂದಿದೀರಾ ಸರ್?”

“ನಾನ್ಯಾಕೆ ಬರ್ಲಿ?”

ಅವಳು ಬಗ್ಗಿ ಬುಟ್ಟಿಯಿಂದ ಗೋಲಿಯನ್ನು ಎತ್ತಿಕೊಂಡಳು, ತೋಳಿಗೆ ಒರೆಸಿದಳು. ಪ್ರಬಂಧವನ್ನು ಕಂಕುಳಲ್ಲಿ ಇಟ್ಟುಕೊಂಡಳು.

“ನೋಡಮ್ಮ, ಒಂದೇ ಒಂದು ಪದ ತಾನೆ? ಪ್ರಬಂಧ ಕೊಡೋಕೆ ನಾಳೆ ಕೊನೇ ದಿನ. ಕೂತ್ಕೊ, ಈಗಲೇ ತಿದ್ದಿ...”

ಅವರು ಪೆನ್ನಿನ ಮುಚ್ಚಳ ತೆಗೆದು ತಲೆ ಎತ್ತುವಷ್ಟರಲ್ಲಿ ಅವಳು ಹೊಸ್ತಿಲು ದಾಟಿ ಆಗಿತ್ತು.