ಅರವತ್ಮೂರನೇ ಪೆಟ್ಟಿಗೆ

ಬೆಳಗಿನ ಐದೂವರೆ. ಸರೋವರದ ದಂಡೆಯ ಹಳೇ ಶೆಡ್ಡಿನ ಬೀಗ ತೆಗೆದು ನಜ್ಜರೇನಾ ಒಳಗೆ ಹೋಗುತ್ತಾರೆ. ಕೈಯಲ್ಲಿ ಒಂದು ಬಕೆಟ್ ನೀರು, ಹಳೇ ಬನಿಯನ್ ಬಟ್ಟೆ. ಮರದ ಪೆಟ್ಟಿಗೆಯ ಮುಚ್ಚಳ ಎತ್ತಿ, ಒಳಗಿನ ಕಲ್ಲಿನ ದಿಂಡನ್ನು ಒರೆಸುತ್ತಾರೆ. ನೀರು ತಾಗಿದ್ದೇ ತಡ, ಮಂಕು ಕಲ್ಲಿನಲ್ಲಿ ಕಪ್ಪು, ಕೆಂಪು, ಹಳದಿ ಪಟ್ಟೆಗಳು ಎದ್ದು ಕಾಣುತ್ತವೆ. ದಿನಕ್ಕೆ ಹನ್ನೆರಡು ಪೆಟ್ಟಿಗೆ. ಎಪ್ಪತ್ತೊಂದರ ವಯಸ್ಸಿಗೆ ಅಷ್ಟೇ ಆಗುತ್ತದೆ.

ಒಟ್ಟು ಇನ್ನೂರ ಹದಿನೆಂಟು ಪೆಟ್ಟಿಗೆ, ಒಂದೊಂದರಲ್ಲಿ ಒಂದು ಮೀಟರ್ ಬೆಟ್ಟ. ನಲವತ್ತಾರು ವರ್ಷದ ಹಿಂದೆ ಬಿಸಿನೀರು ಹುಡುಕಿ ಬಂದ ಕಂಪನಿಯೊಂದು ನಮ್ಮ ಆರಿಹೋದ ಜ್ವಾಲಾಮುಖಿಯ ಬುಡದಲ್ಲಿ ಕೊರೆದು ತೆಗೆದದ್ದು. ಬಿಸಿನೀರು ಸಿಗಲಿಲ್ಲ, ಕಂಪನಿ ಗಂಟುಮೂಟೆ ಕಟ್ಟಿತು. ಕೊರೆಯುವ ಯಂತ್ರ ನಡೆಸುತ್ತಿದ್ದ ನಮ್ಮೂರಿನ ಎಲ್ವೀನೊ ಪೆಟ್ಟಿಗೆಗಳನ್ನು ಕಾದುಕೊಂಡು ಉಳಿದ. ಅವನು ತೀರಿಕೊಂಡ ಮೇಲೆ ಬೀಗದ ಕೈ ಹೆಂಡತಿ ನಜ್ಜರೇನಾಗೆ ಬಂತು. ಸಂಬಳವೇನೂ ಇಲ್ಲ. ಕಲ್ಲು ಕಾಯುವ ಹುಚ್ಚಿ ಎಂದು ಊರು ಆಡಿಕೊಂಡಿತು, ನಾನೂ ಆಡಿಕೊಂಡವನೇ.

ಆರು ವರ್ಷದ ಹಿಂದೆ ಮಾಡು ಸೋರಿ, ಪೆಟ್ಟಿಗೆಗಳು ಕೊಳೆತು ಕಲ್ಲುಗಳೆಲ್ಲ ನೆಲದಲ್ಲಿ ರಾಶಿಯಾದವು. ಎಲ್ವೀನೊ ಸೀಮೆಸುಣ್ಣದಲ್ಲಿ ಬರೆದಿದ್ದ ನಂಬರುಗಳು ತೊಳೆದುಹೋದವು. ಎರಡು ಚಳಿಗಾಲ ಮಂಡಿಯೂರಿ ಕೂತು ನಜ್ಜರೇನಾ ಒಬ್ಬರೇ ಮತ್ತೆ ಜೋಡಿಸಿದರು.

"ಮುರಿದ ಬ್ರೆಡ್ಡು ಒಂದಕ್ಕೊಂದು ಕೂಡ್ತದಲ್ಲ, ಹಂಗೆ," ಎನ್ನುತ್ತಾರೆ. "ಬೆಟ್ಟ ಉಗುಳಿದಾಗ ದಪ್ಪ ಕಲ್ಲು ಮೊದಲು ಬೀಳ್ತದೆ, ನುಣ್ಣನೆ ಬೂದಿ ಆಮೇಲೆ. ಯಾವ ಕಡೆ ಮೇಲು ಅಂತ ಕಲ್ಲೇ ಹೇಳ್ತದೆ."

ಈಗ ಊರಿನ ಆಡಳಿತಕ್ಕೆ ದೋಣಿ ಇಡಲು ಶೆಡ್ಡು ಬೇಕು. ಕಲ್ಲು ಉಳಿಸಬೇಕೋ ಎಸೆಯಬೇಕೋ ಹೇಳಲು ಹೋದ ವಾರ ಭೂವಿಜ್ಞಾನದ ಪ್ರೊಫೆಸರ್ ತೆರೆನ್ಸಿ ಬಂದರು. ಮೂರು ದಿನ ನೋಡಿದರು, ತಪ್ಪು ಸಿಗಲಿಲ್ಲ. ಅರವತ್ಮೂರನೇ ಪೆಟ್ಟಿಗೆಯಲ್ಲಿ ಮಾತ್ರ ಗೇಣುದ್ದ ಖಾಲಿ. ಅದರ ಕೆಳಗೆ ಸುಟ್ಟ ಬೂದಿ, ಮೇಲೆ ಸರೋವರದ ಕೆಸರು. ಬೆಂಕಿ ಆರಿ ನೀರು ನಿಂತ ಕಾಲ ಇರಬೇಕಾದ ಜಾಗವೇ ಇಲ್ಲ. ಅಲ್ಲಿ ಯಂತ್ರ ಜಾರಿ ಕಲ್ಲು ಸಿಕ್ಕಿರಲಿಲ್ಲ ಎಂದು ನಜ್ಜರೇನಾ ಎಲ್ಲರಿಗೂ ಹೇಳುತ್ತ ಬಂದಿದ್ದರು. ಪ್ರೊಫೆಸರ್ ಒಪ್ಪಲಿಲ್ಲ.

"ಮುಖ್ಯವಾದದ್ದೇ ಇಲ್ಲ ಅಂದ್ರೆ ಉಳಿಸಿ ಅಂತ ನಾನು ಹೇಗಮ್ಮ ಸಹಿ ಹಾಕ್ಲಿ?"

ನಜ್ಜರೇನಾ ಮನೆಗೆ ಹೋಗಿ ಬಂದರು. ಸೆರಗಿಲ್ಲದ ನಮ್ಮೂರಿನಲ್ಲಿ ಏಪ್ರನ್ನೇ ಸೆರಗು. ಅದರಲ್ಲಿ ಒಂದು ಕಲ್ಲು ಸುತ್ತಿಕೊಂಡಿದ್ದರು. ಉಂಗುರಕ್ಕೆ ಗತಿಯಿಲ್ಲದ ಕಾಲದಲ್ಲಿ ಎಲ್ವೀನೊ ಕೊಟ್ಟದ್ದು. ಅಂದಿನಿಂದ ಅಡುಗೆಮನೆಯ ಕಿಟಕಿಯಲ್ಲಿತ್ತು.

"ಯಂತ್ರ ಜಾರಿರ್ಲಿಲ್ಲ ಪ್ರೊಫೆಸರ್ರೇ. ಸುಳ್ಳು ಹೇಳಿದ್ದೆ. ಅವ್ನು ಕದ್ದು ತಂದು ನನ್ನ ಕೈಲಿಟ್ಟಿದ್ದ."

ಖಾಲಿ ಜಾಗದಲ್ಲಿ ಇಟ್ಟಾಗ ಕಲ್ಲಿನ ಎರಡೂ ಮುರಿದ ತುದಿಗಳು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿದವು. ಪ್ರೊಫೆಸರ್ ಸಹಿ ಹಾಕಿದರು. ಕುತೂಹಲಕ್ಕೆ ಬಂದು ಬಾಗಿಲಲ್ಲಿ ನಿಂತಿದ್ದ ನನಗೆ, ಹುಚ್ಚಿ ಎಂದದ್ದು ನೆನೆದು, ತಲೆ ಎತ್ತಲು ನಾಚಿಕೆಯಾಯಿತು.

ಇಂದು ಬೆಳಿಗ್ಗೆ ಆ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ತಂದಿಡಲೇ, ಬಂದ ಕೂಡಲೇ ನಿಮಗೆ ಕಾಣುತ್ತದೆ ಎಂದು ಕೇಳಿದೆ. ನಜ್ಜರೇನಾ ಬಟ್ಟೆ ಹಿಂಡಿ ನನ್ನತ್ತ ನೋಡುತ್ತಾರೆ.

"ಬೇಡಪ್ಪ. ಅದರ ಜಾಗ ಅರವತ್ಮೂರನೇದು. ಅಲ್ಲಿಗೆ ನಾನೇ ನಡೆದು ಹೋಗ್ತೀನಿ."