ದೊಡ್ಡದಿರ್ಲಿ ಅಣ್ಣನ ಬೀಳದ ಪ್ಯಾನೆಲ್ಲು

ಹೆತ್ತವರು ಇಟ್ಟ ಹೆಸರೊಂದು ಅವನಿಗೂ ಇತ್ತು. ಆದರೆ ಅದು ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದುಕೊಂಡಿತ್ತು. ಜನರ ಬಾಯಲ್ಲಿ ಅವನು ದೊಡ್ಡದಿರ್ಲಿ ಅಣ್ಣ. ಮೋಟಾರುಗಳಿಗೆ ಕರೆಂಟು ಕೊಡುವ, ಅವನ್ನು ಕಾಯುವ ಪ್ಯಾನೆಲ್ ಪೆಟ್ಟಿಗೆಗಳನ್ನು ಕಟ್ಟುವುದು ಅವನ ಕಸುಬು. ಗಿರಾಕಿ ಬಂದು ತನ್ನ ಮೋಟಾರು ಎಷ್ಟರದ್ದು, ಏನು ಕೆಲಸ ಮಾಡುತ್ತದೆ ಎಂದು ಹೇಳಿ ಮುಗಿಸುವುದರೊಳಗೆ ಅಂಗೈ ಎತ್ತಿ, "ಒಂದು ಸೈಜು ದೊಡ್ಡದಿರ್ಲಿ ಬಿಡಿ" ಎಂದುಬಿಡುತ್ತಿದ್ದ. ಡಾಕ್ಟರು ರೋಗಿಯ ಮುಖ ನೋಡದೆ ಮಾತ್ರೆ ಬರೆದ ಹಾಗೆ.

ಈ ಮಾತು ಅವನು ಹುಟ್ಟಿಸಿದ್ದಲ್ಲ, ಅಮ್ಮನಿಂದ ಬಂದ ಆಸ್ತಿ. ಬೆಳೆಯುವ ಹುಡುಗ ಎಂದು ಅವಳು ಅವನಿಗೆ ಯಾವಾಗಲೂ ಎರಡು ವರ್ಷ ಮುಂದಿನ ಅಂಗಿಯನ್ನೇ ಹೊಲಿಸುತ್ತಿದ್ದಳು. ಅಂಗಿ ಮೈಗೆ ಸರಿಯಾಗಿ ಕೂರುವ ಹೊತ್ತಿಗೆ ಮೊಣಕೈ ಹರಿದಿರುತ್ತಿತ್ತು. ಆಮೇಲೆ ಅದು ತಂಗಿಗೆ ಹೋಗುತ್ತಿತ್ತು. ಹೀಗೆ ಅಣ್ಣ ತನ್ನದಲ್ಲದ ಅಳತೆಯಲ್ಲಿ, ತಂಗಿ ಅಣ್ಣನ ಹರಿದ ಅಂಗಿಯಲ್ಲಿ ದೊಡ್ಡವರಾದರು. ಮದುವೆಯ ದಿನವೂ ಅವನ ಕೋಟಿನ ತೋಳು ಬೆರಳುಗಳನ್ನು ಮುಚ್ಚಿತ್ತು. ಹುಡುಗಿಯ ಕಡೆಯವರು ಕೈಯಲ್ಲಿ ಏನಾದರೂ ಊನ ಇದೆಯೋ ಎಂದು ಗಾಬರಿಗೊಂಡಿದ್ದರಂತೆ.

ಪ್ಯಾನೆಲ್ಲಿಗೆ ಸಾಮಾನು ಆರಿಸುವಾಗಲೂ ಅವನದು ಕುಂಬಳಕಾಯಿ ಆರಿಸುವ ಕ್ರಮ. ಅಂಗಡಿಯವನು ಎರಡು ಕಂಟ್ಯಾಕ್ಟರ್ ಮುಂದಿಟ್ಟರೆ ಎರಡನ್ನೂ ಅಂಗೈಯಲ್ಲಿ ತೂಗಿ, ಭಾರದ್ದನ್ನು ಎತ್ತಿಕೊಳ್ಳುವುದು. ಬ್ರೇಕರ್ ಆದರೆ ಅದರ ಹಿಡಿಯನ್ನು ಒಮ್ಮೆ ಎತ್ತಿ ಇಳಿಸಿ, ಸದ್ದು ಗಟ್ಟಿಯಾಗಿದ್ದರೆ ತಲೆದೂಗುವುದು. ಇನ್ನು ಓವರ್‌ಲೋಡ್ ರಿಲೇ. ಅದರ ಮುಖದ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ. ಮೋಟಾರು ಎಷ್ಟು ಕರೆಂಟು ಕುಡಿಯಬಹುದೋ ಅಷ್ಟಕ್ಕೆ ಅದನ್ನು ನಿಲ್ಲಿಸಬೇಕು. ಅವನು ಅದರ ಕಿವಿ ಹಿಂಡಿದ ಹಾಗೆ ಕೊನೆಯವರೆಗೂ ತಿರುಗಿಸಿ, ಇನ್ನು ತಿರುಗುವುದಿಲ್ಲ ಎಂದಾದ ಮೇಲೆ ಕೈ ಬಿಡುತ್ತಿದ್ದ.

ತಿಳಿಯದವರಿಗೆ ಒಂದು ಮಾತು. ಬ್ರೇಕರ್ ಇರುವುದು ತಂತಿ ಸುಡದಿರಲಿ ಎಂದು. ಕಂಟ್ಯಾಕ್ಟರ್ ಎಂದರೆ ಕರೆಂಟು ಮೋಟಾರಿಗೆ ಹೋಗಿ ಬರುವ ಬಾಗಿಲು. ರಿಲೇ ಮಾತ್ರ ತಾಯಿಯ ಹಾಗೆ, ಮಗುವಿನ ಹಣೆ ಮುಟ್ಟಿ ಜ್ವರ ಎಷ್ಟಿದೆ ಎಂದು ನೋಡುತ್ತದೆ, ಜಾಸ್ತಿಯಾದರೆ ಆಟ ನಿಲ್ಲಿಸಿ ಒಳಗೆ ಬಾ ಎನ್ನುತ್ತದೆ. ಹಾಗೆ ನಿಲ್ಲಿಸುವುದನ್ನು ಕಸುಬಿನವರು ಪ್ಯಾನೆಲ್ ಬಿತ್ತು ಎನ್ನುತ್ತಾರೆ. ದೊಡ್ಡದಿರ್ಲಿ ಅಣ್ಣನ ಲೆಕ್ಕದಲ್ಲಿ ಬೀಳುವುದು ಎಂದರೆ ಮಾನ ಹೋದ ಹಾಗೆ. "ನನ್ನ ಪ್ಯಾನೆಲ್ಲು ಒಂದು ಸಲ ಬಿದ್ದಿದೆ ಅಂತ ಯಾರಾದ್ರೂ ಹೇಳ್ಲಿ, ಈ ಕಸುಬು ಬಿಟ್ಟು ಗುಜರಿ ಆರಿಸ್ತೀನಿ" ಎನ್ನುತ್ತಿದ್ದ. ಯಾರೂ ಹೇಳಲಿಲ್ಲ. ಹೇಗೆ ಹೇಳಿಯಾರು? ಜ್ವರವನ್ನೇ ನೋಡದ ತಾಯಿ ಆಟ ನಿಲ್ಲಿಸುವುದುಂಟೇ?

ಅವನ ಹಿರಿಮೆಯನ್ನು ಒಪ್ಪಿಕೊಂಡವರಲ್ಲಿ ಮೊದಲಿಗ ವೈಂಡಿಂಗ್ ಅಂಗಡಿಯವನು. ಸುಟ್ಟ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವ ಈ ಮನುಷ್ಯ ಬೇರೆ ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ಇವನು ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಕೈ ಒರೆಸಿಕೊಂಡು ಎದ್ದು, ಅಂಗಡಿಯಲ್ಲಿದ್ದ ಒಂದೇ ಒಂದು ಕುರ್ಚಿಯನ್ನು ತೋಳಿನಿಂದ ಒರೆಸಿ, "ಕೂತ್ಕೊಳ್ಳಿ ಅಣ್ಣಾವ್ರೇ" ಎನ್ನುತ್ತಿದ್ದ. ದೊಡ್ಡದಿರ್ಲಿ ಅಣ್ಣ ಕೂರುತ್ತಿದ್ದ, ಕಾಲ ಮೇಲೆ ಕಾಲು ಹಾಕುತ್ತಿದ್ದ. ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದ: "ಕಸುಬಿನವನ ಬೆಲೆ ಕಸುಬಿನವನಿಗೇ ಗೊತ್ತು ಕಣೆ."

"ಕುರ್ಚಿ ಒರೆಸಿದ್ರಾ ಇವತ್ತೂ?" ಎಂದು ಅವಳು ಕೇಳುತ್ತಿದ್ದಳು. ಅವಳಿಗೆ ಕುರ್ಚಿಯ ವಿಷಯ ಬಾಯಿಪಾಠವಾಗಿತ್ತು.

ತಂಗಿ ಬಟ್ಟೆ ಒಗೆಯುವ ಲಾಂಡ್ರಿ ಇಟ್ಟಳು. ಗಂಡ ಇಲ್ಲದವಳು, ಮಕ್ಕಳನ್ನು ಸಾಕಬೇಕು. ಒಂದು ಆಸ್ಪತ್ರೆಯ ಹಾಸಿಗೆ ಬಟ್ಟೆಗಳ ಕೆಲಸ ಸಿಕ್ಕಿತ್ತು. ಅದಿದ್ದರೆ ಲಾಂಡ್ರಿ, ಅದು ಹೋದರೆ ಬಾಗಿಲು. ಒಗೆದ ಬಟ್ಟೆಯನ್ನು ಗಿರಗಿರನೆ ಸುತ್ತಿಸಿ ನೀರು ಹಿಂಡುವ ದೊಡ್ಡ ಪೀಪಾಯಿಯಂಥ ಯಂತ್ರ ಕೊಂಡಳು. ಪ್ಯಾನೆಲ್ಲಿಗೆ ಬೇರೆ ಯಾರನ್ನು ಕೇಳುವುದು, ಅಣ್ಣ ಇದ್ದಾನಲ್ಲ.

ಅಣ್ಣ ಪ್ರೀತಿಯಿಂದಲೇ ಕಟ್ಟಿದ. ಪರರಿಗೆ ಒಂದು ಸೈಜು ದೊಡ್ಡದಾದರೆ ಒಡಹುಟ್ಟಿದವಳಿಗೆ ಎರಡು ಸೈಜು. ತಂಗಿ ಮೋಟಾರಿನ ಮೈಗೆ ಹೊಡೆದಿದ್ದ ತಗಡನ್ನೂ ಪ್ಯಾನೆಲ್ಲನ್ನೂ ಬಗ್ಗಿ ಬಗ್ಗಿ ನೋಡಿದಳು.

"ಅಣ್ಣ, ತಗಡಿನ ಮೇಲೆ ಏಳೂವರೆ ಆಂಪಿಯರ್ ಅಂತಿದೆ. ನಿನ್ನ ಈ ರಿಲೇ ಡಬ್ಬಿ ಒಂಬತ್ತರಿಂದ ಶುರುವಾಗಿ ಹದಿನೈದಕ್ಕೆ ಹೋಗುತ್ತೆ. ಏಳೂವರೆ ಎಲ್ಲಿ?"

"ದೊಡ್ಡದಿರ್ಲಿ ಬಿಡಮ್ಮ. ನೀನು ಬಟ್ಟೆ ನೋಡ್ಕೋ, ಡಬ್ಬಿ ನಾನು ನೋಡ್ಕೋತೀನಿ."

ತಿರುಪನ್ನು ಹದಿನೈದಕ್ಕೆ ತಿರುಗಿಸಿ, ಬಾಗಿಲು ಮುಚ್ಚಿ, ಅಂಗೈಯಿಂದ ಪೆಟ್ಟಿಗೆಯ ಬೆನ್ನು ತಟ್ಟಿ ಹೋದ.

ಕೆಲವು ತಿಂಗಳು ಯಂತ್ರ ಚೆನ್ನಾಗಿ ಓಡಿತು. ಆಮೇಲೆ ನರಳಲು ಶುರು ಮಾಡಿತು. ತಂಗಿ ಫೋನ್ ಮಾಡಿದರೆ, "ಪ್ಯಾನೆಲ್ ಬಿತ್ತಾ?" ಎಂದು ಕೇಳಿದ. ಇಲ್ಲ ಎಂದಳು. "ಹಾಗಾದ್ರೆ ಏನೂ ಆಗಿಲ್ಲ, ಓಡ್ಸು" ಎಂದ. ಓಡಿಸಿದಳು. ಒಂದು ಬೆಳಿಗ್ಗೆ, ಆಸ್ಪತ್ರೆಯ ಬಟ್ಟೆಯೆಲ್ಲ ಒಗೆದು ತೊಟ್ಟಿಯಲ್ಲಿ ತೊಯ್ದು ಕುಳಿತಿದ್ದಾಗ, ಸುಟ್ಟ ವಾರ್ನಿಷಿನ ವಾಸನೆ ಬಂತು, ಹೊಗೆ ಬಂತು. ಪ್ಯಾನೆಲ್ಲಿನ ಹಸಿರು ದೀಪ ಮಾತ್ರ ಏನೂ ಆಗದವರ ಹಾಗೆ ಉರಿಯುತ್ತಲೇ ಇತ್ತು. ಕೊನೆಗೆ ಅವಳೇ ಓಡಿ ಹೋಗಿ ಸ್ವಿಚ್ ಇಳಿಸಿದಳು.

"ಅಣ್ಣ, ನಿನ್ನ ಪ್ಯಾನೆಲ್ ಬೀಳ್ಲಿಲ್ಲ" ಎಂದಳು ಫೋನಿನಲ್ಲಿ.

"ನಾನು ಹೇಳಿರ್ಲಿಲ್ವಾ?"

"ಮೋಟಾರು ಸುಟ್ಟುಹೋಯ್ತು."

"ಈಗಿನ ಮೋಟಾರುಗಳೇ ಸರಿ ಇಲ್ಲ ಕಣಮ್ಮ" ಎಂದ.

ಮೋಟಾರನ್ನು ಗಾಡಿಯಲ್ಲಿ ಹೇರಿಕೊಂಡು ಇಬ್ಬರೂ ವೈಂಡಿಂಗ್ ಅಂಗಡಿಗೆ ಹೋದರು. ಮರುದಿನ ಸಂಜೆಯೊಳಗೆ ಬಟ್ಟೆ ಬರದಿದ್ದರೆ ಬೇರೆಯವರಿಗೆ ಕೊಡುತ್ತೇವೆ ಎಂದು ಆಸ್ಪತ್ರೆಯವರು ಹೇಳಿಬಿಟ್ಟಿದ್ದರು. ಅಂಗಡಿಯವನು ಎಂದಿನಂತೆ ಎದ್ದ, ಕುರ್ಚಿ ಒರೆಸಿದ. ಅಣ್ಣ ಕುಳಿತ. ತಂಗಿ ನಿಂತೇ ಬೇಡಿಕೊಂಡಳು: "ಸಾಲಿನಲ್ಲಿ ಬೇಕಾದಷ್ಟು ಇರ್ಬಹುದು. ನಂದು ಸ್ವಲ್ಪ ಬೇಗ ಮಾಡಿಕೊಡೋಕಾಗುತ್ತಾ?"

"ಅಣ್ಣಾವ್ರ ತಂಗಿ ಅಂದ್ಮೇಲೆ ಕೇಳ್ಬೇಕಾ ಅಕ್ಕ? ಎಲ್ಲಾ ಪಕ್ಕಕ್ಕಿಟ್ಟು ಇದನ್ನೇ ಮಾಡ್ತೀನಿ. ನಮ್ಮ ಮನೆ ನಡೀತಿರೋದೇ ಅವರಿಂದ."

"ಅದು ಹೇಗೆ?"

ಪಾಪ, ಅವನು ಕಪಟ ಇಲ್ಲದವನು. ಗೋಡೆಗೆ ಒರಗಿಸಿದ್ದ ಮೋಟಾರುಗಳ ಕಡೆ ಕೈ ತೋರಿಸಿದ. ಹೆಚ್ಚಿನವುಗಳ ಮೇಲೆ ಸೀಮೆಸುಣ್ಣದ ಒಂದೊಂದು ಸೊನ್ನೆ ಇತ್ತು. "ಆ ಗುರುತು ಇರೋವೆಲ್ಲ ಅಣ್ಣಾವ್ರ ಪ್ಯಾನೆಲ್ಲಿಂದ ಬಂದಿದ್ದು. ಅವು ಪೂರ್ತಿ ಸುಟ್ಟಿರ್ತಾವೆ, ಬಿಚ್ಚಿ ನೋಡೋ ತಾಪತ್ರಯ ಇಲ್ಲ. ಬೇರೆಯವರ ಪ್ಯಾನೆಲ್ಲು ಮುಂಚೇನೇ ಬಿದ್ದುಬಿಡುತ್ತೆ, ಮೋಟಾರು ಉಳ್ಕೊಂಡ್ಬಿಡುತ್ತೆ. ನಮ್ಮಂಥೋರು ಬದುಕೋದು ಹೇಗೆ ಹೇಳಿ? ದೇವ್ರು ಅಣ್ಣಾವ್ರನ್ನ ನೂರು ವರ್ಷ ಚೆನ್ನಾಗಿಟ್ಟಿರ್ಲಿ."

ಹೇಳುತ್ತಲೇ ತಂಗಿಯ ಮೋಟಾರಿನ ಮೇಲೂ ಒಂದು ಸೊನ್ನೆ ಎಳೆದ.

ಅಣ್ಣ ಕಾಲ ಮೇಲಿನ ಕಾಲನ್ನು ಕೆಳಗಿಳಿಸಿದ. ಕುರ್ಚಿಯಿಂದ ಏಳಬೇಕೋ ಕೂರಬೇಕೋ ತಿಳಿಯಲಿಲ್ಲ. ತಂಗಿ ಅವನ ಮುಖ ನೋಡಲಿಲ್ಲ, ಅಷ್ಟು ಕರುಣೆ ಅವಳಲ್ಲಿತ್ತು. "ನಡಿ, ಕೆಲಸ ಇದೆ" ಎಂದಳಷ್ಟೆ.

ಕೆಲಸ ಎಂದರೆ ತೊಟ್ಟಿಯ ತುಂಬ ತೊಯ್ದ ಹಾಸಿಗೆ ಬಟ್ಟೆ. ಯಂತ್ರ ಇಲ್ಲ ಎಂದ ಮೇಲೆ ಕೈ. ಒಂದು ತುದಿ ಅಣ್ಣ, ಇನ್ನೊಂದು ತುದಿ ತಂಗಿ ಹಿಡಿದು ಹಗ್ಗ ಹೊಸೆದ ಹಾಗೆ ತಿರುಚಬೇಕು. ಅತ್ತಿಗೆ ಬಂದು ಹಿಂಡಿದ್ದನ್ನು ಹರವತೊಡಗಿದಳು. ಕರೆಂಟಿನ ದೊಡ್ಡ ಸಾಹೇಬನಾದ ಅಣ್ಣನ ಅಂಗಿ ಎದೆಯವರೆಗೆ ಒದ್ದೆಯಾಯಿತು.

"ಅಣ್ಣ, ಮೋಟಾರು ಏನು ಬೆಳೆಯೋ ಮಗುನಾ, ಎರಡು ಸೈಜು ದೊಡ್ಡದು ಹೊಲಿಸೋಕೆ?"

ಅವನು ಬಟ್ಟೆಯನ್ನು ಇನ್ನೂ ಒಂದು ಸುತ್ತು ತಿರುಚಿದ.

"ಹೇಳು ಅಣ್ಣ."

"ಸುಮ್ನೆ ಸುಮ್ನೆ ಬಿದ್ರೆ ಗಿರಾಕಿ ಬೈತಾನೆ ಕಣಮ್ಮ."

"ಸುಟ್ಟಾಗ ಬೈಯಲ್ವಾ?"

"ಸುಟ್ಟಾಗ ಮೋಟಾರಿನವನನ್ನ ಬೈತಾನೆ."

ಅತ್ತಿಗೆ ಕೇಳಿಸಿಕೊಂಡು ಬಟ್ಟೆಯ ಹಿಂದೆ ಮುಖ ಮುಚ್ಚಿಕೊಂಡಳು. ನಕ್ಕಳೋ ಏನೋ. ಇಷ್ಟು ವರ್ಷದ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿ ಹೊರಗೆ ಬಿದ್ದಿತ್ತು.

ಇನ್ನೊಂದಷ್ಟು ಬಟ್ಟೆ ಹಿಂಡಿದ ಮೇಲೆ ಅಣ್ಣ ತಟ್ಟನೆ ತನ್ನ ತುದಿಯನ್ನು ಕೈಬಿಟ್ಟ. ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

"ಯಾಕೆ ನಿಲ್ಲಿಸ್ದೆ?" ಎಂದಳು ತಂಗಿ.

"ಕೈ ಉರೀತಿದೆ."

"ಮೋಟಾರಿಗೂ ಹಾಗೆ ಹೇಳೋಕೆ ಒಂದು ಬಾಯಿ ಇತ್ತು ಅಣ್ಣ. ನೀನು ಅದನ್ನ ತಿರುಪು ಹಾಕಿ ಮುಚ್ಚಿದ್ದೆ."

ಮನುಷ್ಯನ ಅಂಗೈಗೆ ನೋವನ್ನು ಇಟ್ಟವನು ಯಾಕೆ ಇಟ್ಟನೆಂದು ನಾವು ದೂರುತ್ತೇವೆ. ಅದಿಲ್ಲದಿದ್ದರೆ ಉರಿಯುವ ಒಲೆಯಿಂದ ಕೈ ತೆಗೆಯುವವರು ಯಾರು? ದೊಡ್ಡದಿರ್ಲಿ ಅಣ್ಣ ತನ್ನ ಬೊಬ್ಬೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಮತ್ತೆ ತುದಿ ಹಿಡಿದ.

ಬಟ್ಟೆ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿತು. ಮೋಟಾರೂ ಬಂತು. ಅಣ್ಣ ಈ ಸಲ ಅಂಗಡಿಯಲ್ಲಿ ಏನನ್ನೂ ತೂಗಲಿಲ್ಲ. ತಂಗಿ ಜೊತೆಗಿದ್ದಳು, ತೂಗಲು ಬಿಡುವವಳಲ್ಲ. ಆರರಿಂದ ಹತ್ತರ ರಿಲೇ ತಂದು, ಅವಳು ತಗಡು ಓದಿ ಹೇಳಿದ ಹಾಗೆ ಏಳೂವರೆಗೆ ನಿಲ್ಲಿಸಿದ. ಯಂತ್ರ ಸುತ್ತಿತು, ನರಳಿತು, ಪ್ಯಾನೆಲ್ ಬಿತ್ತು.

ಅವನ ಮುಖ ನೋಡಬೇಕಿತ್ತು. ತುಂಬಿದ ಸಭೆಯಲ್ಲಿ ಪಂಚೆ ಜಾರಿದವನ ಹಾಗೆ. ಕೈ ತಾನಾಗಿ ತಿರುಪಿನ ಕಡೆ ಹೋಯಿತು.

"ಕೈ ತೆಗಿ ಅಣ್ಣ. ಯಾಕೆ ಬಿತ್ತು ಅಂತ ಮೊದ್ಲು ನೋಡು."

ಯಂತ್ರದ ಅಡಿಗೆ ತೂರಿ ನೋಡಿದ. ನೀರು ಹೊರಹೋಗುವ ಕೊಳವೆಯಲ್ಲಿ, ಮಲಗಿದ ಬೆಕ್ಕಿನಷ್ಟು ದಪ್ಪದ ನೂಲಿನ ಉಂಡೆ ಸಿಕ್ಕಿಕೊಂಡಿತ್ತು. ಪೀಪಾಯಿ ಇಷ್ಟು ದಿನ ನೀರಿನಲ್ಲೇ ಮುಳುಗಿಕೊಂಡು ಸುತ್ತುತ್ತಿತ್ತು. ಉಂಡೆ ಎಳೆದು ಹಾಕಿದ ಮೇಲೆ ಯಂತ್ರ ಹಗುರಾಗಿ ಓಡಿತು. ಆಮೇಲೆ ಬೀಳಲಿಲ್ಲ.

ಅವನು ಬದಲಾದ ಎನ್ನಬೇಕು. ಈಗ ತಗಡು ಓದದೆ ಪ್ಯಾನೆಲ್ ಕಟ್ಟುವುದಿಲ್ಲ. ಗಿರಾಕಿ ಬಂದು ಬಿತ್ತು ಎಂದು ಗೊಣಗಿದರೆ, "ಬೀಳ್ಬೇಕು ಕಣ್ರೀ, ಬೀಳದ ಪ್ಯಾನೆಲ್ಲೂ ಒಂದು ಪ್ಯಾನೆಲ್ಲಾ?" ಎಂದು, ಹುಟ್ಟಿನಿಂದ ಇದನ್ನೇ ಹೇಳಿಕೊಂಡು ಬಂದವನ ಹಾಗೆ ಗದರುತ್ತಾನೆ. ಹಳೆಯ ಗಿರಾಕಿಗಳ ಪ್ಯಾನೆಲ್ಲುಗಳನ್ನೂ ಒಂದೊಂದಾಗಿ ಸರಿಮಾಡಿಕೊಟ್ಟ. ಕೇಳಿದವರಿಗೆ ಇದು ತನ್ನ ಹೊಸ ಪದ್ಧತಿ ಎಂದ. ಹೆಸರು ಮಾತ್ರ ಬದಲಾಗಲಿಲ್ಲ.

ವೈಂಡಿಂಗ್ ಅಂಗಡಿಯ ಗೋಡೆಯ ಬಳಿ ಸೊನ್ನೆಗಳು ಕಡಿಮೆಯಾಗುತ್ತ ಬಂದವು. ಮೊನ್ನೆ ಅವನು ಆ ಕಡೆ ಹೋದಾಗ ಅಂಗಡಿಯವನು ತಲೆ ಎತ್ತಿದ, "ಏನು ಬೇಕಿತ್ತು?" ಎಂದ, ಮತ್ತೆ ತಲೆ ತಗ್ಗಿಸಿದ. ಕುರ್ಚಿಯ ಮೇಲೆ ತಂತಿಯ ಸುರುಳಿ ಇತ್ತು.

ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದ: "ಈಗಿನ ಕಾಲದಲ್ಲಿ ಕಸುಬಿನವನಿಗೆ ಮರ್ಯಾದೆ ಇಲ್ಲ ಕಣೆ."

"ಇಲ್ಲಿ ಬನ್ನಿ" ಎಂದು ಅವಳು ಅಡುಗೆಮನೆಯ ಸ್ಟೂಲನ್ನು ಸೆರಗಿನಿಂದ ಒರೆಸಿ ಮುಂದಿಟ್ಟಳು. ಅವನು ಕೂರಲಿಲ್ಲ.